ತಾಯಂದಿರ ಬಂಧು ಸೆಮ್ಮೆಲ್‌ವೈಸ್

ಒಂದು ಸಂಸ್ಥೆಯಲ್ಲಿ ಬುದ್ಧಿವಂತರೂ ಸ್ನೇಹಪರರೂ ಆದ ಸಹೋದ್ಯೋಗಿಗಳು ಇದ್ದರಷ್ಟೇ ಸಾಲದು. ಅದನ್ನು ನಡೆಸುವವರಿಗೆ ಸತ್ಯವನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸೂ ಇರಬೇಕು. ಅದಿಲ್ಲದಿದ್ದರೆ ಎಂತಹ ಹಿರಿಯ ಕಾರ್ಯಕ್ಕೂ ಅಡ್ಡಿಯುಂಟಾಗುತ್ತದೆ. ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸನ ಬಾಳು ಇದಕ್ಕೆ ನಿದರ್ಶನ.

ಸೆಮ್ಮೆಲ್‌ವೈಸ್ 1818ರ ಜುಲೈ 1ರಂದು ಹಂಗೇರಿಯ ಬೂಡಾ ನಗರದಲ್ಲಿ ಜನಿಸಿದನು. ಅವನ ತಂದೆ ದಿನಸಿ ವ್ಯಾಪಾರಿ. ನ್ಯಾಯಶಾಸ್ತ್ರವನ್ನು ಓದಲೆಂದು ವಿಯೆನ್ನಾ ನಗರಕ್ಕೆ ಹೋದ ಅವನ ಮನಸ್ಸು ವೈದ್ಯಶಾಸ್ತ್ರದತ್ತ ಒಲಿಯಿತು. 1844ರಲ್ಲಿ ವೈದ್ಯ ಪದವಿಯನ್ನು ಪಡೆದು, 1846ರಲ್ಲಿ ಅಲ್ಲಿಯ ದೊಡ್ಡಾಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯನಾಗಿ ನೇಮಕಗೊಂಡನು.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಸುಮಾರು 10 ಮಂದಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಎರಡನೆಯದರಲ್ಲಿ ಈ ಸಂಖ್ಯೆ 4ಕ್ಕಿಂತ ಕಡಮೆ. ಬಡ ಗರ್ಭಿಣಿಯರು ತಮ್ಮನ್ನು ಮೊದಲನೆಯ ವಿಭಾಗಕ್ಕೆ ಸೇರಿಸಬಾರದೆಂದು ಮೊಣಕಾಲೂರಿ ಬೇಡುತ್ತಿದ್ದರು. ಈ ಸಾವುಗಳನ್ನು ವಿಚಾರಿಸಲು ನೇಮಿಸಿದ ಸಮಿತಿಯು ವಿದ್ಯಾರ್ಥಿಗಳ, ಅದರಲ್ಲೂ ವಿದೇಶೀಯರ ಒರಟುತನವೇ ಕಾರಣವೆಂದು ತೀರ್ಮಾನಿಸಿ ಕೈತೊಳೆದುಕೊಂಡಿತು. ವಿಭಾಗದ ಮುಖ್ಯಸ್ಥನಾದ ಯೋಹಾನ್ ಕ್ಲೈನನು ಹಳೆಯ ಅಭಿಪ್ರಾಯಗಳಿಗೆ ಅಂಟಿಕೊಂಡವನು.

ಆದರೆ ಸೆಮ್ಮೆಲ್‌ವೈಸನ ಸಹೋದ್ಯೋಗಿಗಳು ಬೇರೆಯ ಬಗೆಯವರು. ಸಾವಿನ ಕಾರಣವನ್ನು ಹುಡುಕಲು ಮೃತ ಬಾಣಂತಿಯರ ಶವಪರೀಕ್ಷೆ ನಡೆಸುವುದಕ್ಕೆ ರೋಕಿಟಾನ್ಸ್ಕಿ ಅವನಿಗೆ ಅವಕಾಶವಿತ್ತನು. ಸ್ಕೋಡಾ ಮತ್ತು ಹೆಬ್ರಾ ಎಂಬ ವೈದ್ಯರು ಅವನಿಗೆ ಧೈರ್ಯ ತುಂಬಿದರು.

1847ರಲ್ಲಿ ಅವನ ಗೆಳೆಯನಾದ ಪ್ರಾಧ್ಯಾಪಕ ಕೊಲೆಚ್ಕಾ ತೀರಿಕೊಂಡನು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಕತ್ತಿ ಅವನ ಬೆರಳಿಗೆ ತಗುಲಿತ್ತು. ಅವನ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರ ದೇಹಗಳಲ್ಲಿ ಕಂಡವುಗಳನ್ನೇ ಹೋಲುತ್ತಿದ್ದವು. ಗೆಳೆಯನ ಅಗಲಿಕೆಯ ದುಃಖದ ನಡುವೆಯೇ ಸೆಮ್ಮೆಲ್‌ವೈಸನಿಗೆ ಸತ್ಯ ಹೊಳೆಯಿತು. ಶವಗಳನ್ನು ಮುಟ್ಟಿದ ಕೈಗಳಿಂದಲೇ ವೈದ್ಯರೂ ವಿದ್ಯಾರ್ಥಿಗಳೂ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ನಂಜನ್ನು ಹೊತ್ತು ತರುತ್ತಿದ್ದವು ಅವರ ಕೈಗಳೇ! ತನ್ನ ಕೈಗಳೂ ಆ ದೋಷದಲ್ಲಿ ಪಾಲುಗೊಂಡಿದ್ದವೆಂದು ಅರಿತು ಅವನು ಬಹಳವಾಗಿ ನೊಂದನು.

ಅದೇ ವರ್ಷದ ಮೇ ತಿಂಗಳಿನಿಂದ, ಚೆಲುವೆ ಪುಡಿಯ ದ್ರಾವಣದಲ್ಲಿ ಕೈ ತೊಳೆಯದೆ ಯಾರೂ ರೋಗಿಯನ್ನು ಮುಟ್ಟಬಾರದೆಂದು ಅವನು ಕಟ್ಟುನಿಟ್ಟು ಮಾಡಿದನು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಸಾವುಗಳು ಜೂನ್ ತಿಂಗಳಲ್ಲಿ 2ರ ಸಮೀಪಕ್ಕೆ ಇಳಿದವು. 1848ರ ಮಾರ್ಚ್ ತಿಂಗಳಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ.

ಹೆಬ್ರಾ ಈ ಶೋಧವನ್ನು ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಇದನ್ನು ತಜ್ಞರ ಸಮಿತಿಯೊಂದು ಪರಿಶೀಲಿಸಬೇಕೆಂದು ಸ್ಕೋಡಾ ಸಲಹೆಯಿತ್ತನು. ಕ್ಲೈನ್ ಅದನ್ನು ವಿರೋಧಿಸಿದುದರಿಂದ ಆ ಸಲಹೆ ಕಾರ್ಯಗತವಾಗಲಿಲ್ಲ. 1849ರಲ್ಲಿ ಸೆಮ್ಮೆಲ್‌ವೈಸನ ಸೇವಾವಧಿ ಮುಗಿದಾಗ ಅದನ್ನು ಮುಂದುವರಿಸಲೂ ಇಲ್ಲ. ಕೊನೆಗೆ 1850ರಲ್ಲಿ ಬೋಧನೆಗೆ ಅನುಮತಿ ದೊರೆಯಿತಾದರೂ, ಗೊಂಬೆಯ ಮೇಲೆ ಮಾತ್ರ ಪಾಠ ಹೇಳಬೇಕೆಂಬ ನಿರ್ಬಂಧವಿತ್ತು. ಈ ಅವಮಾನವನ್ನು ತಾಳಲಾರದೆ ಅವನು ತನ್ನ ಬೆಂಬಲಕ್ಕೆ ನಿಂತ ಗೆಳೆಯರಿಗೂ ತಿಳಿಸದೆ ವಿಯೆನ್ನಾವನ್ನು ತೊರೆದನು.

ತಾಯ್ನಾಡಿನ ಪೆಸ್ಟ್ ನಗರದ ಸಂತ ರೋಕಸ್ ಆಸ್ಪತ್ರೆಯಲ್ಲಿ 1851ರಿಂದ ಅವನು ಸಂಬಳವಿಲ್ಲದೆ ದುಡಿದನು. ಅಲ್ಲಿ ಆರು ವರ್ಷಗಳಲ್ಲಿ ನಡೆದ 933 ಹೆರಿಗೆಗಳಲ್ಲಿ ಜ್ವರದಿಂದ ಸತ್ತವರು ಎಂಟೇ ಮಂದಿ. ಬರೆಯಲು ಹಿಂಜರಿಯುತ್ತಿದ್ದ ಅವನು ತನ್ನ ಗ್ರಂಥವನ್ನು ಹೊರತಂದದ್ದು ಬಹಳ ತಡವಾಗಿ. ಅಷ್ಟರಲ್ಲಿ ವಿರೋಧ ಬೇರೂರಿತ್ತು. ಒಪ್ಪದವರಿಗೆ ಅವನು ಬರೆದ ಕಟುವಾದ ಪತ್ರಗಳು ವೈರವನ್ನು ಇನ್ನಷ್ಟು ಬೆಳೆಸಿದವು. ಕೊನೆಗೆ ಮನಸ್ಸಿನ ಸ್ವಾಸ್ಥ್ಯ ಕೆಟ್ಟು, 1865ರ ಆಗಸ್ಟ್ 13ರಂದು ವಿಯೆನ್ನಾ ಸಮೀಪದ ಮಾನಸಿಕ ಚಿಕಿತ್ಸಾಲಯದಲ್ಲಿ ಅವನು ಕಣ್ಮುಚ್ಚಿದನು. ಆಗ ಅವನಿಗೆ 47 ವರ್ಷ. ಯಾವ ನಂಜಿನ ವಿರುದ್ಧ ಜೀವನವಿಡೀ ಹೋರಾಡಿದನೋ ಅಂತಹುದೇ ನಂಜು ಗಾಯದ ಮೂಲಕ ದೇಹಕ್ಕೇರಿ ಅವನನ್ನು ಬಲಿ ತೆಗೆದುಕೊಂಡಿತು.

ಮುಂದೆ ಪಾಶ್ಚರ್ ಮತ್ತು ಲಿಸ್ಟರ್ ಅವರ ಸಂಶೋಧನೆಗಳಿಂದ ಅವನ ಮಾತು ನಿಜವೆಂದು ಜಗತ್ತಿಗೆ ಮನವರಿಕೆಯಾಯಿತು. 1969ರಲ್ಲಿ ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಅವನ ಹೆಸರನ್ನಿಟ್ಟು ಗೌರವಿಸಲಾಯಿತು. ಅಧಿಕಾರವು ಸತ್ಯವನ್ನು ಕೆಲಕಾಲ ತಡೆಯಬಹುದು, ಅಳಿಸಲಾರದು. ಆದರೆ ಆ ತಡೆಯ ಬೆಲೆಯನ್ನು ತೆತ್ತವರು ಹೆಸರಿಲ್ಲದ ಅಸಂಖ್ಯ ತಾಯಂದಿರು.