ದೇವಲಾಲಿಯ ಗಣಿತ ಮೇಷ್ಟ್ರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಗಣಿತಜ್ಞರೊಬ್ಬರ ಬಗ್ಗೆ ಬರೆಯಲು ಹೇಳಿದಾಗ ನಾನು ಆರಿಸಿಕೊಂಡದ್ದು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರನ್ನು. ಕಾರಣ ಇಷ್ಟೆ: ಅವರೂ ನನ್ನಂತೆ ಶಾಲೆಯ ಮೇಷ್ಟ್ರು.

1905ರ ಜನವರಿ 17ರಂದು ಮಹಾರಾಷ್ಟ್ರದ ಡಹಾಣುವಿನಲ್ಲಿ ಹುಟ್ಟಿದ ಅವರು ಎಂಟನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ತಂದೆ ಗುಮಾಸ್ತರು. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿ 1929ರಲ್ಲಿ ಪದವಿ ಪಡೆದರು. ಅದಕ್ಕಿಂತ ಹೆಚ್ಚಿನ ಪದವಿ ಅವರಿಗಿರಲಿಲ್ಲ. 1930ರಿಂದ 1962ರವರೆಗೆ ನಾಸಿಕ್ ಬಳಿಯ ದೇವಲಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದರು.

ಅವರ ಪ್ರಸಿದ್ಧ ಶೋಧ 6174. ಅವರು ಕೆಲಸಕ್ಕೆ ಸೇರಿದ ವರ್ಷವನ್ನೇ ತೆಗೆದುಕೊಳ್ಳಿ. 1930ರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ: 9310 − 0139 = 9171. ಹಾಗೆಯೇ 9711 − 1179 = 8532. ಮತ್ತೆ 8532 − 2358 = 6174. ಇನ್ನು ಎಷ್ಟು ಸಲ ಮಾಡಿದರೂ 6174 ಕದಲುವುದಿಲ್ಲ. ನಾಲ್ಕೂ ಅಂಕಿ ಒಂದೇ ಆಗಿರದ ಯಾವ ನಾಲ್ಕಂಕಿಯ ಸಂಖ್ಯೆಯಾದರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರುತ್ತದೆ. ಇದನ್ನು ಅವರು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಸಿದರು.

ಕೆಲವು ವಿದ್ವಾಂಸರು ಇದನ್ನು ಬರಿಯ ಅಂಕಿಯಾಟವೆಂದು ತಳ್ಳಿಹಾಕಿದರು. ಹತ್ತರ ಪದ್ಧತಿ ಬಿಟ್ಟು ಬೇರೆ ಪದ್ಧತಿಯಲ್ಲಿ ಬರೆದರೆ ಈ ಗುಣ ಉಳಿಯುವುದೇ ಎಂಬುದು ಇಂಥ ಕೆಲಸಕ್ಕೆ ಎದುರಾಗುವ ಆಕ್ಷೇಪ. ಆ ಆಕ್ಷೇಪವೇ ಹೊಸ ಪ್ರಶ್ನೆಯಾಗುತ್ತದೆ ಎಂದು ನನಗನಿಸುತ್ತದೆ. 0ಯಿಂದ 4ರವರೆಗಿನ ಅಂಕಿಗಳಷ್ಟೇ ಇರುವ, ಐದೈದಾಗಿ ಎಣಿಸುವ ಪದ್ಧತಿಯಲ್ಲಿ ಇದೇ ಲೆಕ್ಕ ಮಾಡಿ. ಆಗ ಎಲ್ಲವೂ 3032ಕ್ಕೆ ಬಂದು ನಿಲ್ಲುತ್ತವೆ. ಎರಡರ ಪದ್ಧತಿಯಲ್ಲಾದರೋ ನಿಲ್ಲುವ ತಾಣಗಳು ಎರಡು: 1001 ಮತ್ತು 0111.

ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಅವರು 'ಹರ್ಷದ' ಎಂದು ಹೆಸರಿಟ್ಟರು, ಸಂತೋಷ ಕೊಡುವಂಥದ್ದು ಎಂಬ ಅರ್ಥದಲ್ಲಿ. 12 ಅಂಥದ್ದು: 1 + 2 = 3, ಅದು 12ನ್ನು ಭಾಗಿಸುತ್ತದೆ. ಎಂಟರ ಪದ್ಧತಿಯಲ್ಲಿ ಹನ್ನೆರಡನ್ನು 14 ಎಂದು ಬರೆಯಬೇಕು. ಮೊತ್ತ 5, ಅದು ಹನ್ನೆರಡನ್ನು ಭಾಗಿಸದು. ಸೋಜಿಗವೆಂದರೆ, 12 ಸೋಲುವುದು ಎಂಟರ ಪದ್ಧತಿಯೊಂದರಲ್ಲೇ. ಯಾವ ಪದ್ಧತಿಯಲ್ಲಿ ಬರೆದರೂ ಹರ್ಷದವಾಗಿಯೇ ಉಳಿಯುವ ಸಂಖ್ಯೆಗಳು 1, 2, 4, 6 ಮಾತ್ರ. ಬರಹಕ್ಕೆ ಸೇರಿದ ಗುಣ ಯಾವುದು, ಸಂಖ್ಯೆಗೇ ಸೇರಿದ ಗುಣ ಯಾವುದು ಎಂದು ಬೇರ್ಪಡಿಸಿ ನೋಡುವುದೂ ಗಣಿತವೇ.

1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್‌ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಕಾಪ್ರೇಕರ್ ಹೆಸರು ಜಗತ್ತಿಗೆ ಪರಿಚಯವಾಯಿತು. ಅಷ್ಟರಲ್ಲಿ ಅವರಿಗೆ ಎಪ್ಪತ್ತು ತುಂಬಿತ್ತು. ಪಿಂಚಣಿ ಸಾಲದೆ ಮನೆಪಾಠ ಹೇಳಿಯೂ ಜೀವನ ನಡೆಸಿದ ಅವರು 1986ರಲ್ಲಿ ತೀರಿಕೊಂಡರು.

ಅವರಿಗೆ ಪ್ರಯೋಗಾಲಯ ಬೇಕಾಗಿರಲಿಲ್ಲ. ಕಾಗದ, ಪೆನ್ಸಿಲ್, ತಾಳ್ಮೆ ಸಾಕಾಗಿತ್ತು. ಈ ಮೂರೂ ನಮ್ಮೂರ ಮಕ್ಕಳಿಗೆ ಎಟುಕದ ವಸ್ತುಗಳಲ್ಲ. ಇಂದು ಸಂಜೆ ಮನೆಯ ಮಗುವಿನ ಪಕ್ಕದಲ್ಲಿ ಕೂತು, ಅದು ಹುಟ್ಟಿದ ವರ್ಷದಿಂದ 6174ಕ್ಕೆ ಎಷ್ಟು ಹೆಜ್ಜೆಯೆಂದು ಲೆಕ್ಕ ಹಾಕಿ ನೋಡಿ.