ಆಟ ನೋಡುವವರನ್ನು ಬರೆದ ಜ್ಯಾಕ್ ಯೇಟ್ಸ್

ಯೇಟ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ರವೀಂದ್ರನಾಥ ಠಾಕೂರರ ಇಂಗ್ಲಿಷ್ ‘ಗೀತಾಂಜಲಿ’ಗೆ ಮುನ್ನುಡಿ ಬರೆದ ಐರಿಷ್ ಕವಿ. ನಾನಿಲ್ಲಿ ಹೇಳಹೊರಟದ್ದು ಅವರ ತಮ್ಮ, ಚಿತ್ರಕಾರ ಜ್ಯಾಕ್ ಯೇಟ್ಸರ ಕಥೆ.

1871ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರೂ ಜ್ಯಾಕ್ ಬೆಳೆದದ್ದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಸ್ಲೈಗೊದಲ್ಲಿ, ತಾಯಿಯ ತವರಿನಲ್ಲಿ. ಅಲ್ಲಿ ಕಡಲ ಮರಳಿನ ಮೇಲೆ ಕುದುರೆ ಓಟ, ಸಂತೆ, ಸರ್ಕಸ್ಸು. ಅಜ್ಜನ ಮನೆಯ ಹುಡುಗನಿಗೆ ಇನ್ನೇನು ಬೇಕು ಹೇಳಿ! ಮುಂದೆ ಲಂಡನ್ನಿನಲ್ಲಿ ಹೊಟ್ಟೆಪಾಡಿಗಾಗಿ ಪತ್ರಿಕೆಗಳಿಗೆ ಶಾಯಿಯ ಚಿತ್ರ ಬರೆದರು; ಕುದುರೆ ರೇಸಿನ ಪತ್ರಿಕೆಗೂ ಬರೆದರು. ಜೇಬಿನಲ್ಲೊಂದು ಸಣ್ಣ ಪುಸ್ತಕ, ಕಂಡದ್ದನ್ನು ನಿಂತಲ್ಲೇ ಗೀಚಿಕೊಳ್ಳುವ ರೂಢಿ. ಅಂಥ ಇನ್ನೂರರಷ್ಟು ಪುಸ್ತಕಗಳು ಡಬ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿವೆ.

ಶಾಯಿಯ ಗೆರೆಯನ್ನು ಅಳಿಸುವಂತಿಲ್ಲ. ಓಟ ಮುಗಿಯುವುದರೊಳಗೆ ಟೊಪ್ಪಿಗೆಯ ಅಂಚು, ಚಾಚಿದ ಕುತ್ತಿಗೆ, ಬಾಗಿದ ಬೆನ್ನು ನಾಲ್ಕೇ ಗೆರೆಯಲ್ಲಿ ಮೂಡಬೇಕು. ಹಾಗೆ ಪಳಗಿದ ಕೈ 1923ರಲ್ಲಿ ಒಂದು ದೊಡ್ಡ ಚಿತ್ರಕ್ಕೆ ಒದಗಿತು ಅಂತ ನನಗನ್ನಿಸುತ್ತದೆ.

ಆಗಷ್ಟೇ ಐರ್ಲೆಂಡಿನ ಬಹುಭಾಗ ಬ್ರಿಟಿಷರ ಆಳ್ವಿಕೆಯಿಂದ ಬಿಡಿಸಿಕೊಂಡಿತ್ತು. ಆದರೆ ಬಿಡುಗಡೆಯ ಒಪ್ಪಂದದ ಮೇಲೆಯೇ ಜಗಳ ಹತ್ತಿ, ಅಂತರ್ಯುದ್ಧ ನಡೆದು, ದೇಶ ಬಸವಳಿದಿತ್ತು. ಯೇಟ್ಸರ ಮನೆಯಲ್ಲೂ ಎರಡು ಮನಸ್ಸು: ಅಣ್ಣ ಹೊಸ ರಾಜ್ಯದ ಸೆನೆಟ್ ಸದಸ್ಯ, ತಮ್ಮನ ಒಲವು ಒಪ್ಪಂದವನ್ನು ಒಪ್ಪದ ಗಣರಾಜ್ಯವಾದಿಗಳ ಕಡೆ. ಅಂಥ ಹೊತ್ತಿನಲ್ಲಿ ಜ್ಯಾಕ್ ಡಬ್ಲಿನ್ ನಡುವೆ ಹರಿಯುವ ಲಿಫಿ ನದಿಯ ವಾರ್ಷಿಕ ಈಜುಪಂದ್ಯವನ್ನು ತೈಲವರ್ಣದಲ್ಲಿ ಬರೆದರು. ಈಜುಗಾರರು ಅತ್ತ ನೀರಿನಲ್ಲಿ ಸಣ್ಣದಾಗಿ ಕಾಣುತ್ತಾರೆ. ನಮ್ಮ ಕಣ್ಣ ಮುಂದೆ ಇರುವುದೆಲ್ಲ ದಡದ ಕಟ್ಟೆಗೆ ಮುಗಿಬಿದ್ದ ಜನ. ಭುಜಕ್ಕೆ ಭುಜ ತಾಗಿಸಿ ನಿಂತ ಆ ಗುಂಪಿನಲ್ಲಿ ಯಾರು ಯಾವ ಪಕ್ಷ ಅಂತ ಹೇಳಲಿಕ್ಕಾಗುತ್ತದೆಯೇ?

ಆ ಕಾಲದ ಒಲಿಂಪಿಕ್ಸ್‌ನಲ್ಲಿ ಕಲೆಗೂ ಪದಕಗಳಿದ್ದವು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಚಿತ್ರಕ್ಕೆ ಬೆಳ್ಳಿ ಬಂತು. ಸ್ವತಂತ್ರ ಐರ್ಲೆಂಡಿಗೆ ಸಿಕ್ಕ ಮೊದಲ ಒಲಿಂಪಿಕ್ ಪದಕವೇ ಅದು. ಹೊಸ ರಾಜ್ಯವನ್ನು ಮನಸಾರೆ ಒಪ್ಪದವನೇ ಅದಕ್ಕೆ ಮೊದಲ ಪದಕ ತಂದುಕೊಟ್ಟಂತಾಯಿತು ನೋಡಿ.

ಜ್ಯಾಕ್ 1957ರಲ್ಲಿ ಡಬ್ಲಿನ್ನಿನಲ್ಲೇ ತೀರಿಕೊಂಡರು. ಚಿತ್ರವೂ ಅದೇ ಊರಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಅಚ್ಚಿನ ಪ್ರತಿಯಲ್ಲಷ್ಟೇ ಅದನ್ನು ನೋಡುವ ನನಗೂ, ಆ ಜನರ ಹಿಂದೆ ತುದಿಗಾಲಲ್ಲಿ ನಿಂತು ಇಣುಕಬೇಕು ಅನ್ನಿಸುತ್ತದೆ.