ಬಡಗಿಯಾಗಿ ಕಲಿತು ಉಸ್ತಾದರಾದ ಮಿಮಾರ್ ಸಿನಾನ್

ಗೋಳಗುಮ್ಮಟ ಯಾರದು ಎಂದು ಕೇಳಿದರೆ ನಾವೆಲ್ಲರೂ ಮುಹಮ್ಮದ್ ಆದಿಲ್ ಶಾ ಎನ್ನುತ್ತೇವೆ. ತಾಜಮಹಲ್ ಎಂದರೆ ಶಾಜಹಾನ್. ಕಟ್ಟಿಸಿದವರ ಹೆಸರು ಎಲ್ಲರಿಗೂ ಗೊತ್ತು. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದವರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಟರ್ಕಿ ದೇಶದಲ್ಲಿ ಸುಲ್ತಾನರಷ್ಟೇ ಪ್ರಸಿದ್ಧರಾದ ಒಬ್ಬ ಕಟ್ಟಡದ ಕೆಲಸಗಾರರಿದ್ದಾರೆ. ಅವರೇ ಮಿಮಾರ್ ಸಿನಾನ್. ಮಿಮಾರ್ ಎಂದರೆ ವಾಸ್ತುಶಿಲ್ಪಿ. ನಮ್ಮ ಮನೆಗಳಲ್ಲಿ ಹಿರಿಯರು ಉರ್ದುವಿನಲ್ಲಿ ಹೇಳುವ 'ಮೇಮಾರ್' ಕೂಡ ಇದೇ ಪದ.

ನಾನು ವಿಜ್ಞಾನ ವಿಭಾಗದ ವಿದ್ಯಾರ್ಥಿ. ಮುಂದೆ ಸಿವಿಲ್ ಇಂಜಿನಿಯರಿಂಗ್ ಓದಬೇಕೆಂಬ ಆಸೆ ಇದೆ. ನನ್ನ ಅಬ್ಬ ಗಾರೆ ಮೇಸ್ತ್ರಿ. ಹಾಗಾಗಿ ಸಿನಾನ್ ಅವರ ಬಗ್ಗೆ ಓದುವಾಗ ಅವರು ಏನೇನು ಕಟ್ಟಿದರು ಎನ್ನುವುದಕ್ಕಿಂತ ಹೇಗೆ ಕಲಿತರು ಎನ್ನುವ ಕಡೆಗೇ ನನ್ನ ಗಮನ ಹೋಯಿತು. ಈ ಲೇಖನದಲ್ಲಿ ಅದನ್ನೇ ಹೇಳಲು ಪ್ರಯತ್ನಿಸಿದ್ದೇನೆ.

ಸಿನಾನ್ ಅವರು 1490ರ ಸುಮಾರಿಗೆ ಅನಾಟೋಲಿಯಾದ ಕೈಸೇರಿ ಪಟ್ಟಣದ ಹತ್ತಿರದ ಆಗಿರ್ನಾಸ್ ಎಂಬ ಹಳ್ಳಿಯ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ಆ ಕಾಲದಲ್ಲಿ ಉಸ್ಮಾನಿ ಸರ್ಕಾರ ಕ್ರೈಸ್ತ ಹಳ್ಳಿಗಳಿಂದ ಹುಡುಗರನ್ನು ಆರಿಸಿಕೊಂಡು ಹೋಗಿ ಸೈನ್ಯಕ್ಕೆ ಮತ್ತು ಅರಮನೆಯ ಸೇವೆಗೆ ತಯಾರು ಮಾಡುತ್ತಿತ್ತು. ಮನೆಯವರ ಒಪ್ಪಿಗೆ ಕೇಳುವ ಪದ್ಧತಿ ಇರಲಿಲ್ಲ. ಸಿನಾನ್ ಅವರೂ ಹಾಗೆಯೇ ಇಸ್ತಾಂಬುಲ್‌ಗೆ ಬಂದರು, ಇಸ್ಲಾಂ ಸ್ವೀಕರಿಸಿದರು. ಅಲ್ಲಿ ಅವರಿಗೆ ಕಲಿಸಿದ ಮೊದಲ ವೃತ್ತಿ ಬಡಗಿ ಕೆಲಸ. ಮರದ ಗುಣ, ಅಳತೆ, ಜೋಡಣೆ, ತೊಲೆ ಎಷ್ಟು ಭಾರ ತಾಳುತ್ತದೆ ಎಂಬ ಅಂದಾಜು, ಹೀಗೆ ಅವರ ವಿದ್ಯೆ ಆರಂಭವಾದದ್ದು ಉಳಿ ಮತ್ತು ಗರಗಸದಿಂದ. ಮುಂದೆ ಅವರು ಕಟ್ಟಿದ ಗುಮ್ಮಟಗಳೆಲ್ಲ ಕಲ್ಲು ಇಟ್ಟಿಗೆಯವು. ಆದರೆ ಕಲ್ಲಿನ ಕಮಾನು ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೂ ಅದನ್ನು ಹೊತ್ತು ನಿಲ್ಲುವುದು ಮರದ ಸೆಂಟ್ರಿಂಗ್. ಆದ್ದರಿಂದ ಬಡಗಿಯಾಗಿ ಕಲಿತದ್ದು ಅವರಿಗೆ ಕೊನೆಯವರೆಗೂ ಉಪಯೋಗಕ್ಕೆ ಬಂದಿರಬೇಕು ಎಂದು ನನಗೆ ಅನಿಸುತ್ತದೆ.

ನಂತರ ಅವರು ಸೈನಿಕರಾದರು. 1521ರಲ್ಲಿ ಬೆಲ್‌ಗ್ರೇಡ್, 1522ರಲ್ಲಿ ರೋಡ್ಸ್ ದ್ವೀಪ, 1526ರಲ್ಲಿ ಹಂಗೇರಿಯ ಮೊಹಾಚ್, ಆಮೇಲೆ ಬಾಗ್ದಾದ್, ಹೀಗೆ ಸುಲ್ತಾನ್ ಸುಲೈಮಾನ್ ಅವರ ದಂಡಯಾತ್ರೆಗಳಲ್ಲಿ ಊರೂರು ತಿರುಗಿದರು. ಹೋದಲ್ಲೆಲ್ಲ ಕೋಟೆ, ಸೇತುವೆ, ಹಳೆಯ ಕಟ್ಟಡಗಳನ್ನು ಕಣ್ಣಾರೆ ಕಂಡರು. ವಾನ್ ಸರೋವರ ದಾಟಲು ಹಡಗುಗಳನ್ನು ಕಟ್ಟಿಕೊಟ್ಟರು. 1538ರಲ್ಲಿ ಪ್ರುತ್ ನದಿಯ ಜೌಗು ನೆಲದಲ್ಲಿ ಸೇತುವೆ ನಿಲ್ಲದೆ ಸೈನ್ಯ ಕಂಗೆಟ್ಟಾಗ 13 ದಿನಗಳಲ್ಲಿ ಸೇತುವೆ ಮುಗಿಸಿದರು ಎಂದು ಅವರ ಆತ್ಮಕಥನ ಹೇಳುತ್ತದೆ. ಮುದಿ ವಯಸ್ಸಿನಲ್ಲಿ ಅವರು ತಮ್ಮ ಬದುಕಿನ ಕಥೆಯನ್ನು ಸಾಯಿ ಮುಸ್ತಫಾ ಎಂಬ ಕವಿಗೆ ಹೇಳಿ ಬರೆಸಿದ್ದರು. ಪ್ರುತ್ ಸೇತುವೆಯಾದ ಸ್ವಲ್ಪ ಕಾಲದಲ್ಲೇ ಅವರು ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ಆಗ ಅವರ ವಯಸ್ಸು ಐವತ್ತರ ಹತ್ತಿರ. ನಮ್ಮಲ್ಲಿ ನಿವೃತ್ತಿಯ ಯೋಚನೆ ಮಾಡುವ ವಯಸ್ಸಿನಲ್ಲಿ ಅವರ ನಿಜವಾದ ಕೆಲಸ ಆರಂಭವಾಯಿತು. ಸುಲೈಮಾನ್, ಎರಡನೇ ಸಲೀಮ್, ಮೂರನೇ ಮುರಾದ್, ಹೀಗೆ ಮೂವರು ಸುಲ್ತಾನರ ಕಾಲದಲ್ಲಿ ಸುಮಾರು 50 ವರ್ಷ ಆ ಹುದ್ದೆಯಲ್ಲಿದ್ದರು. ಮಸೀದಿ, ಮದರಸಾ, ಆಸ್ಪತ್ರೆ, ಹಮಾಮ್, ಸೇತುವೆ, ನೀರಿನ ಕಾಲುವೆ ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಕಾಮಗಾರಿಗಳು ಅವರ ಹೆಸರಿನಲ್ಲಿವೆ.

ಅವರ ಬದುಕಿನಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಇದು. ಆ ಕಾಲದ ವೃತ್ತಿಗಳಲ್ಲಿ ಮೂರು ಮೆಟ್ಟಿಲುಗಳಿದ್ದವು. ಮೊದಲು ಚಿರಾಕ್, ಅಂದರೆ ನಮ್ಮ ಕೈಯಾಳು. ನಂತರ ಕಾಲ್ಫಾ, ಅಂದರೆ ಕೆಲಸ ಬಲ್ಲವನು. ಕೊನೆಗೆ ಉಸ್ತಾ, ಅಂದರೆ ಉಸ್ತಾದ್. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರಬೇಕಾದರೆ ಹಿರಿಯ ಉಸ್ತಾದರು ಒಪ್ಪಬೇಕಿತ್ತು. ಸಿನಾನ್ ಅವರು ತಮ್ಮ ಮೂರು ದೊಡ್ಡ ಮಸೀದಿಗಳನ್ನು ಇದೇ ಲೆಕ್ಕದಲ್ಲಿ ಅಳೆದರು ಎಂಬುದು ಪ್ರಸಿದ್ಧ. 1548ರಲ್ಲಿ ಮುಗಿದ ಇಸ್ತಾಂಬುಲ್‌ನ ಶಹಜಾದೆ ಮಸೀದಿ ತಮ್ಮ ಚಿರಾಕ್ ಕೆಲಸ, 1550ರಿಂದ 1557ರವರೆಗೆ ಕಟ್ಟಿದ ಸುಲೈಮಾನಿಯಾ ಮಸೀದಿ ಕಾಲ್ಫಾ ಕೆಲಸ, 1568ರಲ್ಲಿ ಆರಂಭಿಸಿದ ಎಡಿರ್ನೆಯ ಸಲೀಮಿಯಾ ಮಸೀದಿ ಉಸ್ತಾದ್ ಕೆಲಸ ಎಂದು ಅವರು ಎಣಿಸಿದರಂತೆ. ಯೋಚಿಸಿ ನೋಡಿ. ಶಹಜಾದೆ ಮಸೀದಿ ಮುಗಿದಾಗ ಅವರಿಗೆ ಹತ್ತಿರ ಹತ್ತಿರ ಅರವತ್ತು ವರ್ಷ, ಸಾಮ್ರಾಜ್ಯದ ಅತಿ ದೊಡ್ಡ ವಾಸ್ತುಶಿಲ್ಪಿ. ಆದರೂ ಅದು ಕಲಿಯುವವನ ಕೆಲಸ. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಸಲೀಮಿಯಾಕ್ಕೆ ಕೈ ಹಾಕಿ, ಎಂಟು ಕಂಬಗಳ ಮೇಲೆ ಸುಮಾರು 31 ಮೀಟರ್ ಅಗಲದ ಗುಮ್ಮಟ ನಿಲ್ಲಿಸಿದ ಮೇಲೆ ಮಾತ್ರ ತಾನು ಉಸ್ತಾದ್ ಎಂದರು. ನಮ್ಮ ವಿಜಯಪುರದ ಗುಮ್ಮಟ ಅದಕ್ಕಿಂತ ದೊಡ್ಡದೇ. ಆದರೆ ಭೂಕಂಪದ ನಾಡಿನಲ್ಲಿ ನಾಲ್ಕೂವರೆ ಶತಮಾನದಿಂದ ನಿಂತಿರುವುದು ಸಲೀಮಿಯಾದ ಹೆಗ್ಗಳಿಕೆ.

ಸುಲೈಮಾನಿಯಾ ಕಟ್ಟಿದಾಗಿನ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ಉಮರ್ ಲುತ್ಫಿ ಬರ್ಕಾನ್ ಎಂಬ ಟರ್ಕಿಯ ಇತಿಹಾಸಕಾರರು ಅವುಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಕಲ್ಲು ಕಡಿಯುವವರು, ಗೋಡೆ ಕಟ್ಟುವವರು, ಬಡಗಿಗಳು, ಕಮ್ಮಾರರು, ಸೀಸದ ಹೊದಿಕೆ ಹಾಕುವವರು ಎಂದು ಕಸುಬಿನ ಪ್ರಕಾರ ಬೇರೆ ಬೇರೆ ಲೆಕ್ಕವಿತ್ತು, ಕೂಲಿಯೂ ಬೇರೆ ಬೇರೆ ಇತ್ತು. ಕುಶಲಕರ್ಮಿಗಳಲ್ಲಿ ಸುಮಾರು ಅರ್ಧದಷ್ಟು ಮುಸ್ಲಿಮರು, ಅರ್ಧದಷ್ಟು ಕ್ರೈಸ್ತರು. ಒಟ್ಟು ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ ಪಡೆಯುವ ಸ್ವತಂತ್ರ ಕೆಲಸಗಾರರದ್ದು. ಉಳಿದದ್ದರಲ್ಲಿ ಬಹುಪಾಲು ತರಬೇತಿಯಲ್ಲಿದ್ದ ಸೈನ್ಯದ ಹುಡುಗರದ್ದು, ಅಂದರೆ ಒಂದು ಕಾಲದಲ್ಲಿ ಸಿನಾನ್ ಅವರೇ ಇದ್ದ ಸ್ಥಾನದಲ್ಲಿದ್ದವರದ್ದು. ಸ್ವಲ್ಪ ಭಾಗ ಹಡಗಿನ ಗುಲಾಮರದ್ದೂ ಇತ್ತು ಎಂಬುದನ್ನು ನಾವು ಮರೆಯಬಾರದು. ಆ ಕಾಲ ನಮ್ಮ ಕಾಲಕ್ಕಿಂತ ಕಠಿಣವಾಗಿತ್ತು.

ಹೊಸದನ್ನು ಕಟ್ಟುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಕಟ್ಟಿದ್ದು ಬೀಳದಂತೆ ನೋಡಿಕೊಳ್ಳುವುದೂ ಮುಖ್ಯ ವಾಸ್ತುಶಿಲ್ಪಿಯ ಜವಾಬ್ದಾರಿ. 537ರಲ್ಲಿ ಮುಗಿದ ಆಯಾ ಸೋಫಿಯಾದ ಗುಮ್ಮಟ 558ರಲ್ಲಿ ಒಮ್ಮೆ ಕುಸಿದಿತ್ತು. ಸಿನಾನ್ ಅವರ ಕಾಲಕ್ಕೆ ಅದಕ್ಕೆ ಸಾವಿರ ವರ್ಷ ದಾಟಿ, ಗೋಡೆಗಳು ದುರ್ಬಲವಾಗಿದ್ದವು. ಸುತ್ತ ಒತ್ತಿಕೊಂಡಿದ್ದ ಮನೆಗಳನ್ನು ತೆಗೆಸಿ, ಹೊರಗಿನಿಂದ ದಪ್ಪ ಆಸರೆ ಗೋಡೆಗಳನ್ನು ಕೊಡಿಸಿದರು. ಇಸ್ತಾಂಬುಲ್‌ಗೆ ನೀರು ತರುವ ಮೇಲ್ಗಾಲುವೆಗಳನ್ನು 1563ರ ಪ್ರವಾಹ ಹಾಳುಮಾಡಿದಾಗ ಮತ್ತೆ ಗಟ್ಟಿಯಾಗಿ ಕಟ್ಟಿದರು. ಅವುಗಳಲ್ಲಿ ಒಂದಾದ ಮಾಲೋವಾ ಮೇಲ್ಗಾಲುವೆ ಈಗಲೂ ನಿಂತಿದೆ.

ಅವರ ಕೈಕೆಳಗೆ ಕಲಿತವರು ಅನೇಕರು. ಇಸ್ತಾಂಬುಲ್‌ನ ನೀಲಿ ಮಸೀದಿ ಕಟ್ಟಿದ ಮುಹಮ್ಮದ್ ಆಗಾ ಅವರ ಶಿಷ್ಯರು. ಬೋಸ್ನಿಯಾದ ಮೋಸ್ತಾರ್ ಪಟ್ಟಣದಲ್ಲಿ 1566ರಲ್ಲಿ ಒಂದೇ ಕಮಾನಿನ ಸೇತುವೆ ಕಟ್ಟಿದ ಹೈರುದ್ದೀನ್ ಅವರನ್ನೂ ಸಿನಾನ್ ಅವರ ಶಿಷ್ಯರೆಂದು ಹೇಳುತ್ತಾರೆ. ಅಲ್ಲಿನ ಜನ ಒಂದು ಕಥೆ ಹೇಳುತ್ತಾರೆ. ಕಮಾನಿನ ಕೆಳಗಿನ ಮರದ ಆಸರೆ ಬಿಚ್ಚುವ ದಿನ ಸೇತುವೆ ಬಿದ್ದರೆ ತನ್ನ ತಲೆ ಹೋಗುತ್ತದೆಂದು ಹೈರುದ್ದೀನ್ ತನ್ನ ಗೋರಿಯನ್ನು ತಾನೇ ತೋಡಿಕೊಂಡಿದ್ದರಂತೆ. ಇದು ಕಥೆಯೇ ಇರಬಹುದು. ಆದರೆ ಸೆಂಟ್ರಿಂಗ್ ಬಿಚ್ಚುವ ದಿನದ ಭಯ ಎಂಥದ್ದೆಂದು ಮೇಸ್ತ್ರಿಯ ಮಗನಾದ ನನಗೆ ಗೊತ್ತು.

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳಬೇಕು. ಅಬ್ಬ 24 ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ. ತೂಗುಗುಂಡು, ರಸಮಟ್ಟ ಅವರ ಕೈಯಲ್ಲಿ ಸುಳ್ಳು ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಮನೆಯ ಸ್ಲ್ಯಾಬ್ ಹಾಕಿದ ಐದನೇ ದಿನಕ್ಕೇ ಆಸರೆ ಬಿಚ್ಚಲು ಗುತ್ತಿಗೆದಾರರು ಅವಸರ ಮಾಡಿದರು. ಬಾಡಿಗೆ ಷೀಟು, ಕಂಬಗಳು ಬೇರೆ ಕಡೆಗೆ ಹೋಗಬೇಕಿತ್ತು. ಅಬ್ಬ ಒಪ್ಪಲಿಲ್ಲ. ಇಂಜಿನಿಯರ್ ಅಲ್ಲ, ಡಿಪ್ಲೊಮಾ ಇಲ್ಲ, ಐಟಿಐ ಕೂಡ ಇಲ್ಲ, ನೀವು ಯಾವ ಅಧಿಕಾರದಿಂದ ಬೇಡ ಎನ್ನುತ್ತೀರಿ ಎಂದು ಅವರು ಕೇಳಿದರು. ಮರುದಿನ ಬೇರೆಯವರನ್ನು ಕರೆಸಿ ಬಿಚ್ಚಿಸಿದರು. ಅಲ್ಲಾಹನ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ, ಸ್ಲ್ಯಾಬಿನ ನಡುವೆ ಬಿರುಕು ಮಾತ್ರ ಬಿಟ್ಟಿತು. ಅಬ್ಬನ ಆ ಕೆಲಸ ಹೋಯಿತು. ಐಎಸ್ 456 ಎಂಬ ಭಾರತೀಯ ಮಾನಕದಲ್ಲಿ ಸಾಮಾನ್ಯ ಸಿಮೆಂಟಿನ ಸ್ಲ್ಯಾಬ್ 4.5 ಮೀಟರ್ ಅಗಲದವರೆಗೆ ಇದ್ದರೆ ಆಸರೆ ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಇರಬೇಕು ಎಂದಿದೆ. ಅದನ್ನು ಓದಿದ ದಿನ ನನಗೆ ಒಂದು ವಿಷಯ ಹೊಳೆಯಿತು. ಅಬ್ಬನಿಗೆ ವಿದ್ಯೆ ಇತ್ತು, ಆ ವಿದ್ಯೆಗೆ ಸಾಕ್ಷಿ ಇರಲಿಲ್ಲ. ಸಿನಾನ್ ಅವರ ಮೂರು ಮೆಟ್ಟಿಲುಗಳ ಬೆಲೆ ಅರ್ಥವಾದದ್ದು ಆಗಲೇ. ಉಸ್ತಾದ್ ಎಂಬ ಪದವಿ ಬರಿಯ ಗೌರವಕ್ಕಲ್ಲ. ತಪ್ಪು ಕೆಲಸಕ್ಕೆ ಬೇಡ ಎಂದು ಹೇಳುವ ಹಕ್ಕು ಅದರಿಂದ ಬರುತ್ತದೆ.

ಸಿನಾನ್ ಅವರು 1588ರಲ್ಲಿ ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ಸುಲ್ತಾನರಿಗೆ ಅಷ್ಟು ದೊಡ್ಡ ಗೋರಿಗಳನ್ನು ಕಟ್ಟಿದವರ ಗೋರಿ ಸುಲೈಮಾನಿಯಾದ ಹೊರಗೆ ರಸ್ತೆಯ ಮೂಲೆಯಲ್ಲಿ ಚಿಕ್ಕದಾಗಿದೆ. ಅದನ್ನೂ ಅವರೇ ರೂಪಿಸಿದ್ದರು.

ಅವರ ನಾಡಿನ ಇಂದಿನ ಸ್ಥಿತಿಯನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದರ ಲಿಫ್ಟ್ ಮೇಲಿನಿಂದ ಬಿದ್ದು 10 ಮಂದಿ ಕಾರ್ಮಿಕರು ಸತ್ತರು. ಟರ್ಕಿಯಲ್ಲಿ 2006ರಲ್ಲೇ ವೃತ್ತಿ ಅರ್ಹತೆಗಾಗಿ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದ್ದರು. 2015ರಿಂದ ಅಪಾಯದ ಕಸುಬುಗಳಿಗೆ ಅದರ ಪ್ರಮಾಣಪತ್ರ ಕಡ್ಡಾಯವಾಗತೊಡಗಿತು. ಸಾರುವೆ ಕಟ್ಟುವವರು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಕಾಂಕ್ರೀಟ್ ಹಾಕುವವರು, ಗಾರೆಯವರು ಪರೀಕ್ಷೆ ಕೊಟ್ಟು ತಮ್ಮ ಕೈಕೆಲಸ ತೋರಿಸಬೇಕು. ಪ್ರಮಾಣಪತ್ರ ಇಲ್ಲದವರನ್ನು ದುಡಿಸಿದರೆ ದಂಡ ಬೀಳುವುದು ಮಾಲೀಕರಿಗೆ. ಇದಲ್ಲದೆ ಅತಿ ಅಪಾಯದ ಕೆಲಸಗಳಲ್ಲಿ ವರ್ಷಕ್ಕೊಮ್ಮೆ ಕನಿಷ್ಠ 16 ಗಂಟೆ ಸುರಕ್ಷತಾ ತರಬೇತಿ ಕೊಡಬೇಕೆಂದು 2013ರಲ್ಲಿ ನಿಯಮ ಮಾಡಿದ್ದರು. ಆದರೂ 2023ರ ಫೆಬ್ರವರಿಯ ಭೂಕಂಪದಲ್ಲಿ ಆ ದೇಶದಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ನಿಯಮ ಮೀರಿ ಕಟ್ಟಿದ ಎಷ್ಟೋ ಮನೆಗಳು ನೆಲಸಮವಾದವು. ಕಾಗದ ಒಂದಿದ್ದರೆ ಸಾಲದು, ಕಾಗದದಲ್ಲಿರುವುದನ್ನು ನಡೆಸುವ ಮನಸ್ಸೂ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯ್ದೆ ಬಂತು. ಅದರ ಫಲವಾಗಿ ಬಂದ ಲೇಬರ್ ಕಾರ್ಡ್ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಮಕ್ಕಳ ಓದಿಗೆ, ಚಿಕಿತ್ಸೆಗೆ ಅದರಿಂದ ಸಹಾಯ ಸಿಗುತ್ತದೆ. ಆದರೆ ಆ ಕಾರ್ಡ್ ಇವರು ಕೆಲಸ ಮಾಡಿದ್ದಾರೆ ಎಂದು ಹೇಳುತ್ತದೆಯೇ ಹೊರತು ಇವರಿಗೆ ಕೆಲಸ ಗೊತ್ತಿದೆ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ, ಶಾಲೆಗೆ ಹೋಗದೆ ಕೆಲಸದಲ್ಲೇ ಕಲಿತವರ ಕೈಗುಣವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಸೇರಿತ್ತು. ಗಲ್ಫ್‌ಗೆ ಹೋಗುವವರಿಗೂ ಇದು ಮುಖ್ಯ. ಸೌದಿ ಅರೇಬಿಯಾ ಈಗ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್ ಮುಂತಾದವರಿಗೆ ಕೌಶಲ್ಯ ಪರೀಕ್ಷೆ ಇಟ್ಟಿದೆ.

ಅಬ್ಬ ಮೊದಲು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಹುಡುಗರ ಜೊತೆ ಕುಳಿತು ಪರೀಕ್ಷೆ ಬರೆಯುವುದು ನಾಚಿಕೆ ಎಂದರು. ನಾನು ಸಿನಾನ್ ಅವರ ಶಹಜಾದೆ ಮಸೀದಿಯ ವಿಷಯ ಹೇಳಿದೆ. ಅರವತ್ತರ ವಯಸ್ಸಿನಲ್ಲಿ ಅಷ್ಟು ದೊಡ್ಡವರೇ ತಮ್ಮನ್ನು ಕೈಯಾಳು ಎಂದುಕೊಂಡರಲ್ಲ ಅಬ್ಬಾ ಎಂದೆ. ಅವರು ನಕ್ಕರು. ಬೇಸಿಗೆ ರಜೆಯಲ್ಲಿ ಅವರ ಅರ್ಜಿ ತುಂಬುವುದು ನನ್ನ ಕೆಲಸ.

ಗೆಳೆಯರೇ, ನಮ್ಮಲ್ಲಿ ಕೆಲವರು ರಜೆಯಲ್ಲಿ ಸೆಂಟ್ರಿಂಗ್, ಪೇಂಟಿಂಗ್, ವೈರಿಂಗ್ ಕೆಲಸಕ್ಕೆ ಹೋಗಿ ಫೀಸಿನ ಹಣ ಸಂಪಾದಿಸುತ್ತೀರಿ. ಅದು ನಾಚಿಕೆಯ ವಿಷಯವಲ್ಲ, ಹೆಮ್ಮೆಯ ವಿಷಯ. ಎತ್ತರಕ್ಕೆ ಹತ್ತುವ ಮೊದಲು ಹೆಲ್ಮೆಟ್, ಬೆಲ್ಟ್ ಕೇಳಿ ಪಡೆಯಿರಿ. ಬೆಲ್ಟಿನ ಕೊಕ್ಕೆಯನ್ನು ಎಲ್ಲಿಗೆ ಸಿಕ್ಕಿಸಬೇಕೆಂದು ತಿಳಿದವರಿಂದ ಕೇಳಿ ತಿಳಿಯಿರಿ. ಸಾರುವೆಯ ಹಗ್ಗ ಸಡಿಲವಿದ್ದರೆ ಹತ್ತಬೇಡಿ. ನಿಮ್ಮ ಮನೆಯಲ್ಲಿ ಕೆಲಸ ಬಲ್ಲ ಹಿರಿಯರಿದ್ದು ಅವರ ಕೈಯಲ್ಲಿ ಕಾಗದ ಇಲ್ಲದಿದ್ದರೆ ಹತ್ತಿರದ ಐಟಿಐ ಅಥವಾ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಅವರಿಗೆ ಓದಲು ಬಾರದಿದ್ದರೆ ಓದಿ ಹೇಳಲು ನಾವಿದ್ದೇವೆ.